ಬಸ್ಸಲ್ಲಿ ಬಂದ ಮೊಟ್ಟೆ ಮರಿಯಾಗಬೇಕಾದರೆ

ಬೆಳಗಾವಿ ಕಡೆಯಿಂದ ಪುಣೆಗೆ ಜವಾರಿ ಕೋಳಿ ಮೊಟ್ಟೆ ತರಿಸುವವರು ಮೊದಲು ಕೇಳಬೇಕಾದ್ದು ರೇಟಲ್ಲ, ಇಟ್ಟು ಎಷ್ಟು ದಿನವಾಯಿತು ಅಂತ. 7 ದಿನ ದಾಟಿದ್ದು ಬೇಡ. ತೊಳೆದದ್ದೂ ಬೇಡ, ಮೇಲಿನ ರಕ್ಷಣೆಯ ಪದರವೇ ಹೋಗಿರುತ್ತದೆ. ಒಂದೊಂದನ್ನೂ ಬಬಲ್ ಶೀಟಿನಲ್ಲಿ ಸುತ್ತಿ, ಚೂಪು ತುದಿ ಕೆಳಗೆ ಮಾಡಿ, ಡಬ್ಬಿ ಅಲ್ಲಾಡಿಸಿದರೂ ಸದ್ದು ಬರದಷ್ಟು ಹೊಟ್ಟು ತುಂಬಿಸಲು ಹೇಳಿ. ಮೇ ತಿಂಗಳ ಹಗಲಲ್ಲಿ ಬಸ್ಸಿನ ಡಿಕ್ಕಿ ಅಂದರೆ ಒಲೆಯೇ; ರಾತ್ರಿ ಬಸ್ಸಿಗೇ ಹಾಕಿಸಿ.

ಬಂದ ಕೂಡಲೇ ಇನ್‌ಕ್ಯುಬೇಟರಿಗೆ, ಅಂದರೆ ಕಾವು ಕೊಡುವ ಪೆಟ್ಟಿಗೆಗೆ, ತುರುಕಬೇಡಿ. ಟ್ರೇನಲ್ಲಿ ನಿಲ್ಲಿಸಿ 24 ಗಂಟೆ ಬಿಡಿ. ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದಾಗ ದಪ್ಪ ತುದಿಯ ಗಾಳಿಗುಳ್ಳೆ ಓಲಾಡಿದರೆ, ಕುಲುಕಾಟಕ್ಕೆ ಪೊರೆ ಬಿಟ್ಟಿದೆ ಅಂತಲೇ ಅರ್ಥ. ಅಂಥದ್ದನ್ನು ಮೊದಲ 3 ದಿನ ತಿರುಗಿಸಬೇಡಿ. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ. 18ನೇ ದಿನದಿಂದ ತಿರುಗಿಸುವುದು ಬಂದ್, ತೇವಾಂಶ ಶೇ. 65ರ ಮೇಲೆ. ಪ್ರಯಾಣ ಮಾಡಿದ 12 ಮೊಟ್ಟೆಯಲ್ಲಿ 6 ಮರಿ ಬಂದರೂ ಬೇಸರಪಡುವಂಥದ್ದೇನಲ್ಲ.