ಹಳೆಯ ಪುಟಗಳಲ್ಲಿ ನಮ್ಮ ತಾಲ್ಲೂಕುಗಳನ್ನು ಹುಡುಕುವಾಗ

ಆನ್‌ಲೈನ್ ಸಂಗ್ರಹಗಳಲ್ಲಿ ನಮ್ಮ ಭಾಗದ ಹಳೆಯ ದಾಖಲೆಗಳನ್ನು ಹುಡುಕುವವರು ಇಂದಿನ ಹೆಸರುಗಳನ್ನು ಸ್ವಲ್ಪ ಹೊತ್ತು ಬದಿಗಿಡುವುದು ಒಳ್ಳೆಯದು. ಚಿಕ್ಕಮಗಳೂರು ಜಿಲ್ಲೆಯ ಹೆಸರು 1947ರವರೆಗೆ ಕಡೂರು ಜಿಲ್ಲೆ ಎಂದಿತ್ತು. ಸಕಲೇಶಪುರ ತಾಲ್ಲೂಕು ಮಂಜರಾಬಾದ್ ಎಂಬ ಹೆಸರಿನಡಿ ಸಿಗುತ್ತದೆ. ಬ್ರಿಟಿಷ್ ಕಮಿಷನರುಗಳ ಆಡಳಿತದ ವರದಿಗಳಲ್ಲಾದರೆ ಹಾಸನವನ್ನು ಅಷ್ಟಗ್ರಾಮ ವಿಭಾಗದಲ್ಲೂ ಕಡೂರನ್ನು ನಗರ ವಿಭಾಗದಲ್ಲೂ ನೋಡಬೇಕು. ಹಾಸನದವರಿಗೆ ಇನ್ನೊಂದು ವಿಶೇಷ ತೊಂದರೆಯೂ ಉಂಟು. ನಮ್ಮ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿದರೆ ಹಸನ್ ಎಂಬ ಹೆಸರಿನ ಲೇಖಕರ ಉರ್ದು, ಅರಬ್ಬಿ ಪುಸ್ತಕಗಳೇ ಸಾಲುಗಟ್ಟಿ ಬರುತ್ತವೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಇಂಟರ್‌ನೆಟ್ ಆರ್ಕೈವ್‌ಗೆ ಸೇರಿದ ಕನ್ನಡ ಪುಸ್ತಕಗಳಲ್ಲಂತೂ ಶೀರ್ಷಿಕೆಯ ಕಾಗುಣಿತ ಎಷ್ಟೋ ಕಡೆ ಗುರುತೇ ಸಿಗದಷ್ಟು ಕೆಟ್ಟಿರುವುದರಿಂದ, ಒಂದೇ ಹೆಸರನ್ನು ನಾಲ್ಕಾರು ರೀತಿಯಲ್ಲಿ ಬರೆದು ನೋಡದೆ ಗತ್ಯಂತರವಿಲ್ಲ.

ನನ್ನ ಹುಡುಕಾಟ ಹೆಚ್ಚಾಗಿ ಸುತ್ತುವುದು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಐದು ಮತ್ತು ಆರನೆಯ ಸಂಪುಟಗಳ ಸುತ್ತಲೇ. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಬಿ. ಎಲ್. ರೈಸ್ ಅವರು ಸಂಪಾದಿಸಿದ ಈ ಮಾಲೆಯಲ್ಲಿ ಕಡೂರು ಜಿಲ್ಲೆಯ ಸಂಪುಟ 1901ರಲ್ಲಿ, ಹಾಸನ ಜಿಲ್ಲೆಯದು 1902ರಲ್ಲಿ ಅಚ್ಚಾದವು. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಡಲಾಗಿದೆ. ಕನ್ನಡ ಲಿಪಿಯ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರೂ ಇವೆ. ಹೆಚ್ಚಿನವರು ಅನುವಾದವನ್ನು ಓದಿ ಮುಗಿಸುತ್ತಾರೆ. ರಾಜವಂಶದ ಚರಿತ್ರೆಗೆ ಅಷ್ಟು ಸಾಕಾಗಬಹುದು, ಊರಿನ ಚರಿತ್ರೆಗೆ ಮಾತ್ರ ಸಾಲದು. ರೈಸ್ ಅವರು ಹೊಯ್ಸಳ ದೊರೆಯ ಬಿರುದಾವಳಿ ಬಂದಾಗ 'ಎಂದಿನ ಬಿರುದುಗಳೊಡನೆ' ಎಂದೂ, ಕೊನೆಯ ಶಾಪಾಶಯದ ಶ್ಲೋಕಗಳಿಗೆ 'ಎಂದಿನ ಕೊನೆಯ ಮಾತುಗಳು' ಎಂದೂ ಹೇಳಿ ಮುಂದೆ ಹೋಗುತ್ತಾರೆ. ಎಷ್ಟೋ ಕಡೆ ದತ್ತಿಯ ವಿವರವನ್ನೂ ಹೀಗೆಯೇ ಅಡಕಗೊಳಿಸುತ್ತಾರೆ. ಸಾವಿರಾರು ಶಾಸನಗಳನ್ನು ಅಚ್ಚಿಗೆ ತರಬೇಕಾಗಿದ್ದವರ ಅನಿವಾರ್ಯವದು, ದೂರುವಂತಿಲ್ಲ. ಆದರೆ ಯಾವ ಕೆರೆಯ ಕೆಳಗೆ ಗದ್ದೆ ಎಷ್ಟು ಸಲಗೆ (ಹಳೆಯ ಅಳತೆ), ಬೆದ್ದಲು, ಅಂದರೆ ಮಳೆಯಾಶ್ರಿತ ಹೊಲ, ಎಷ್ಟು, ಮೂಡಣ ಎಲ್ಲೆಗೆ ಯಾವ ಹಳ್ಳ, ತೆಂಕಣ ಎಲ್ಲೆಗೆ ಯಾವ ಬಂಡೆ ಎಂಬುದೆಲ್ಲ ಇರುವುದು ಆ ಬಿಟ್ಟ ಸಾಲುಗಳಲ್ಲಿಯೇ. ಹಾಗಾಗಿ ನಾನು ಅನುವಾದದಲ್ಲಿ ಸಂಖ್ಯೆಯನ್ನು ಗುರುತು ಹಾಕಿಕೊಂಡು ನೇರವಾಗಿ ಕನ್ನಡ ಪಾಠಕ್ಕೆ ಹೋಗುತ್ತೇನೆ. ಹಳಗನ್ನಡದ ಪದಗಳು ಒಂದಕ್ಕೊಂದು ಅಂಟಿಕೊಂಡಿರುವ ಆ ಪುಟಗಳಲ್ಲಿ ಯಂತ್ರದ ಅಕ್ಷರಗ್ರಹಣ ಮೇಲಿಂದ ಮೇಲೆ ಎಡವುವುದರಿಂದ, ಹುಡುಕು ಗುಂಡಿಯನ್ನು ನಂಬದೆ ಕಣ್ಣಿನಿಂದಲೇ ಓದಬೇಕು.

ಬೇಲೂರು ತಾಲ್ಲೂಕಿನ ಒಂದು ಹಳ್ಳಿಗೆ ಹೀಗೆ ಪುಟವನ್ನು ಫೋನಿನಲ್ಲಿಟ್ಟುಕೊಂಡು ಹೋಗಿದ್ದೆ. ಬಸವಣ್ಣನ ಗುಡಿಯ ಪಕ್ಕದ ಕಲ್ಲಿಗೆ ಸುಣ್ಣ ಬಳಿದು, ಅದರ ಮೇಲೆ ಎಣ್ಣೆ, ಕುಂಕುಮ ಹಿಡಿದು, ಮೇಲಿನ ಮೂರು ಸಾಲು ಮಾತ್ರ ಬೆರಳಿಗೆ ತಡಕುವಂತಿತ್ತು. ಅಚ್ಚಿನ ಪಾಠದೊಡನೆ ಆ ಸಾಲುಗಳನ್ನು ತಾಳೆ ನೋಡುತ್ತಿರುವಾಗ ಹತ್ತಿರ ಬಂದ ಹಿರಿಯರೊಬ್ಬರು, "ನಿಧಿ ಎಲ್ಲೈತೆ ಅಂತ ಬರ್ದವ್ರಾ ಸಾರ್?" ಎಂದು ಕೇಳಿದರು. ನಮ್ಮ ಕಡೆ ಶಾಸನದ ಮುಂದೆ ನಿಂತವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. "ಇಲ್ಲ ಯಜಮಾನ್ರೇ, ಕೆರೆ ಕೆಳಗಿನ ಗದ್ದೆಯನ್ನು ದೇವರಿಗೆ ಬಿಟ್ಟಿದ್ದನ್ನು ಬರೆದಿದ್ದಾರೆ" ಎಂದೆ. ಅವರು ಕೆರೆಯ ಕಡೆ ಕೈ ತೋರಿಸಿ, "ಆ ತೂಬಿನ ಕೆಳ್ಗಿಂದನ್ನ ನಾವು ಈಗ್ಲೂ ದೇವ್ರು ಗದ್ದೆ ಅಂತ್ಲೇ ಕರೆಯೋದು" ಎಂದರು. ಇಂತಹ ಮಾತನ್ನು ಅದೊಂದರಿಂದಲೇ ಪುರಾವೆಯೆಂದು ಎಣಿಸಲಾಗದು, ದೇವರ ಗದ್ದೆಗಳು ಎಲ್ಲ ಊರಲ್ಲೂ ಇರುತ್ತವೆ; ಆದರೂ ಮುಂದೆ ಯಾವ ಸರ್ವೆ ನಂಬರಿನ ಹಳೆಯ ಟಿಪ್ಪಣಿಯನ್ನು ಕೇಳಬೇಕೆಂಬುದು ಅದರಿಂದ ಗೊತ್ತಾಯಿತು.

ಕಾಲನಿರ್ಣಯಕ್ಕೆ ಶಕವರ್ಷಕ್ಕೆ 78 ಕೂಡಿಸುವ ಲೆಕ್ಕ ಎಲ್ಲರಿಗೂ ತಿಳಿದದ್ದು. ಕಲ್ಲು ಸವೆದು ಅಂಕಿ ಅಳಿಸಿದ್ದರೆ ಸಂವತ್ಸರದ ಹೆಸರು ಕೈಹಿಡಿಯುತ್ತದೆ. ವಿಷ್ಣುವರ್ಧನ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ್ದು ಶಕ 1039ರ ಹೇವಿಳಂಬಿ ಸಂವತ್ಸರದಲ್ಲಿ, ಅಂದರೆ 1117ರಲ್ಲಿ. 2017ರ ಯುಗಾದಿಯಂದು ಆರಂಭವಾದದ್ದೂ ಹೇವಿಳಂಬಿಯೇ. ನಡುವೆ ಅರವತ್ತರ ಹದಿನೈದು ಸುತ್ತುಗಳು ಸರಿಯಾಗಿ ಮುಗಿದಿವೆ. ದೊರೆಯ ಆಳ್ವಿಕೆಯ ಅವಧಿ ಗೊತ್ತಿದ್ದರೆ, ಸಂವತ್ಸರವೊಂದರಿಂದಲೇ ವರ್ಷವನ್ನು ಹಿಡಿಯಬಹುದು.

ರೈಸ್ ಅವರ ಸಂಪುಟದಲ್ಲಿ ಇಲ್ಲವೆಂದರೆ ಶಾಸನವೇ ಇಲ್ಲವೆಂದು ತಿಳಿಯಬಾರದು. ಇದಕ್ಕೆ ಹಲ್ಮಿಡಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಬೇಲೂರು ತಾಲ್ಲೂಕಿನದೇ ಆದ, ಸುಮಾರು 450ರದೆಂದು ಎಣಿಸಲಾಗುವ ಆ ಶಾಸನ 1902ರ ಸಂಪುಟದಲ್ಲಿ ಇಲ್ಲ. ಅದು ಡಾ. ಎಂ. ಎಚ್. ಕೃಷ್ಣ ಅವರ ಮೂಲಕ ಮೈಸೂರು ಪುರಾತತ್ವ ಇಲಾಖೆಯ 1936ರ ವಾರ್ಷಿಕ ವರದಿಯಲ್ಲಿ ಬೆಳಕಿಗೆ ಬಂತು. ಹೀಗಾಗಿ ಸಂಪುಟದ ನಂತರ ಈ ವಾರ್ಷಿಕ ವರದಿಗಳನ್ನು ಒಂದೊಂದಾಗಿ ತಿರುವಿ ಹಾಕಲೇಬೇಕಾಗುತ್ತದೆ. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಶಾಸನದಲ್ಲಿರುವ ಹಳ್ಳಿ ಇಂದು ಪಂಚಾಯಿತಿಯ ಪಟ್ಟಿಯಲ್ಲಿ ಕಾಣದಿದ್ದರೆ ಕಂದಾಯ ಇಲಾಖೆಯ ಗ್ರಾಮಗಳ ಪಟ್ಟಿಯನ್ನು ನೋಡಬೇಕು. ಜನವಸತಿಯಿಲ್ಲದ ಬೇಚರಾಕ್ ಗ್ರಾಮಗಳು ಅಲ್ಲಿ ಇನ್ನೂ ಜೀವಂತವಾಗಿವೆ: ಹೆಸರು, ಎಲ್ಲೆ, ಸರ್ವೆ ನಂಬರು ಎಲ್ಲವೂ ಇರುತ್ತವೆ, ಒಲೆ ಹಚ್ಚುವ ಮನೆ ಮಾತ್ರ ಇರುವುದಿಲ್ಲ. ಗ್ರಾಮ ನಕಾಶೆಗಳು ಈಗ ಆನ್‌ಲೈನಿನಲ್ಲಿಯೇ ಸಿಗುವುದರಿಂದ, ಶಾಸನದಲ್ಲಿ ಹೇಳಿದ ಹಳ್ಳವನ್ನೂ ಕೆರೆಯನ್ನೂ ನಕಾಶೆಯ ಗೆರೆಗಳೊಡನೆ ಹೊಂದಿಸಿ ನೋಡಬಹುದು. ನೀರಿನಡಿ ಹೋದ ಊರುಗಳಿಗೆ ಮತ್ತೊಂದು ಆಕರವಿದೆ. ಅಮೆರಿಕದ ಸೇನೆಯ ನಕ್ಷೆ ವಿಭಾಗವು 1950ರ ದಶಕದಲ್ಲಿ ಪ್ರಕಟಿಸಿದ, ಎರಡೂವರೆ ಲಕ್ಷಕ್ಕೆ ಒಂದರ ಅಳತೆಯ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಎಲ್ಲರಿಗೂ ತೆರೆದಿಟ್ಟಿದೆ. ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಾದ ಕಾರಣ, ಇಂದು ಶೆಟ್ಟಿಹಳ್ಳಿಯ ಚರ್ಚಿನ ಸುತ್ತ ಹಿನ್ನೀರು ನಿಲ್ಲುವ ಪ್ರದೇಶದಲ್ಲಿ ಆ ಹಾಳೆಯ ಹೇಮಾವತಿ ಬರಿಯ ನದಿಯಾಗಿಯೇ ಹರಿಯುತ್ತಾಳೆ.

ಮಲೆನಾಡಿನ ಕಾಫಿಯ ಚರಿತ್ರೆಗೆ ಬಂದರೆ ಡಿಜಿಟಲ್ ಸಂಗ್ರಹ ಬಹಳ ಏಕಪಕ್ಷೀಯವೆಂದು ನನಗೆ ಅನ್ನಿಸಿದೆ. 1850ರ ದಶಕದಲ್ಲಿ ಮಂಜರಾಬಾದಿಗೆ ಬಂದು ತೋಟ ಮಾಡಿದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ಪುಸ್ತಕ ಉಚಿತವಾಗಿ ಓದಲು ಸಿಗುತ್ತದೆ. ನೆರಳಿನ ಮರಗಳ ಬಗೆಗೂ ಹುಲಿ ಬೇಟೆಯ ಬಗೆಗೂ ಅದರಲ್ಲಿ ಬೇಕಾದಷ್ಟಿದೆ. ಆದರೆ ಅದು ತೋಟದ ಯಜಮಾನನ ಕಣ್ಣಿನಿಂದ ಕಂಡ ಮಲೆನಾಡು. ಹಣ್ಣು ಕೊಯ್ದವರ, ಕಸಿ ಮಾಡಿದವರ (ಗಿಡ ಸವರಿದವರ), ಗೊಬ್ಬರ ಹೊತ್ತವರ ಹೆಸರುಗಳು ಸಿಗುವುದಿದ್ದರೆ ತೋಟದ ಗುಮಾಸ್ತರಾದ ರೈಟರುಗಳು ದಿನವೂ ತುಂಬುತ್ತಿದ್ದ ಚೆಕ್‌ರೋಲ್ ಪುಸ್ತಕಗಳಲ್ಲಿ, ಅಂದರೆ ಆಳುಗಳ ಹಾಜರಿ ಪುಸ್ತಕಗಳಲ್ಲಿ, ಸಿಗಬೇಕು, ಮತ್ತು ಅವು ಯಾವ ಆರ್ಕೈವ್‌ನಲ್ಲೂ ನನಗೆ ಈವರೆಗೆ ಕಂಡಿಲ್ಲ. ಮೂಡಿಗೆರೆ, ಸಕಲೇಶಪುರ, ಆಲ್ದೂರಿನ ಕಡೆ ಯಾರ ಮನೆಯ ಅಟ್ಟದಲ್ಲಾದರೂ ಅಂತಹ ಪುಸ್ತಕಗಳಿದ್ದರೆ, ಅವು ಬಚ್ಚಲ ಹಂಡೆಯ ಒಲೆ ಸೇರುವ ಮುನ್ನ ಹಗಲು ಬೆಳಕಿನಲ್ಲಿ ಪುಟಪುಟವನ್ನೂ ಫೋಟೋ ತೆಗೆದಿಡಿ. ರಟ್ಟಿನ ಮೇಲೆ ಬರೆದ ತೋಟದ ಹೆಸರನ್ನೂ ವರ್ಷವನ್ನೂ ಮೊದಲ ಫೋಟೋದಲ್ಲೇ ಹಿಡಿದರೆ, ಮುಂದೆ ಓದುವವರಿಗೆ ಇದು ಯಾವ ತೋಟದ್ದೆಂದು ಹುಡುಕುವ ಕೆಲಸ ತಪ್ಪುತ್ತದೆ.