ಬಳಗದ ಖರ್ಚು ಕಡಿಮೆ ಪಿಂಚಣಿಯವರ ಲೆಕ್ಕದಲ್ಲಿರಲಿ

ದಾವಣಗೆರೆಯ ಯಾವ ಪಾರ್ಕಿಗೆ ಬೆಳಿಗ್ಗೆ ಹೋದರೂ ಒಂದೇ ಕಲ್ಲುಬೆಂಚಿನ ಮೇಲೆ ಎರಡು ಥರದ ನಿವೃತ್ತರು ಸಿಗುತ್ತಾರೆ. ಒಬ್ಬರು ಮೇಷ್ಟ್ರೋ ಬ್ಯಾಂಕಿನವರೋ ಆಗಿದ್ದವರು, ತಿಂಗಳಾದರೆ ಪಿಂಚಣಿ ಖಾತೆಗೆ ಬೀಳುತ್ತದೆ. ಪಕ್ಕದವರು ಕಾಟನ್ ಮಿಲ್ಲಿನಲ್ಲೋ ಮಂಡಿಪೇಟೆಯ ಅಂಗಡಿಯಲ್ಲೋ ದುಡಿದವರು. ಮಿಲ್ಲಿನವರಲ್ಲಿ ಎಷ್ಟೋ ಜನ ಪಿಎಫ್‌ನವರ ಪಿಂಚಣಿ ಯೋಜನೆಯಾದ ಇಪಿಎಸ್-95ರಲ್ಲಿ 2014ರಲ್ಲಿ ಗೊತ್ತುಮಾಡಿದ 1,000 ರೂಪಾಯಿಯ ಕನಿಷ್ಠ ಪಿಂಚಣಿಯ ಆಸುಪಾಸಿನಲ್ಲೇ ಇದ್ದಾರೆ. ಅಂಗಡಿಯಲ್ಲಿದ್ದವರಿಗೆ ಅದೂ ಇಲ್ಲ.

ನಿವೃತ್ತರ ಬಳಗಗಳು ಒಡೆಯುವುದು ಜಗಳದಿಂದ ಅಂತ ಬಹಳ ಜನ ತಿಳಿದಿದ್ದಾರೆ. ಹೆಚ್ಚಿನವು ಒಡೆಯುವುದು ಬೆಣ್ಣೆದೋಸೆಯಿಂದ. ವಾಕಿಂಗ್ ಮುಗಿಸಿ ಒಬ್ಬರು "ಬರ್ರಿ, ಇವತ್ತಿಂದು ನನ್ನ ಲೆಕ್ಕ" ಅಂತಾರೆ. ಮರುವಾರ ಇನ್ನೊಬ್ಬರು. ಮೂರನೇ ವಾರ ಯಾರ ಸರದಿ ಅಂತ ಯಾರೂ ಕೇಳುವುದಿಲ್ಲ, ಆದರೆ ಸಾವಿರ ರೂಪಾಯಿ ಪಿಂಚಣಿಯವರಿಗೆ ಗೊತ್ತಿರುತ್ತದೆ. ಅವರು ನಾಲ್ಕನೇ ವಾರ "ಮೊಣಕಾಲು ನೋವು" ಅಂತ ಮನೆಯಲ್ಲಿ ಉಳಿಯುತ್ತಾರೆ. ಆಮೇಲೆ ಬರುವುದೇ ಇಲ್ಲ. ಆದ್ದರಿಂದ ಮೊದಲ ದಿನವೇ ಹೇಳಿಬಿಡಬೇಕು: ಹೊರಗೆ ತಿಂದರೆ ಅವರವರ ದುಡ್ಡು ಅವರವರೇ ಕೊಡಬೇಕು, ಅದೂ ತಿಂಗಳಿಗೆ ಒಂದೇ ಸಲ. ಮಗಳಿಗೆ ಮದುವೆ ಗೊತ್ತಾಯಿತು, ಮೊಮ್ಮಗ ಹುಟ್ಟಿದ ಅಂತ ಯಾರಾದರೂ ಕೊಡಿಸಲೇಬೇಕು ಅಂದರೆ ಎಲ್ಲರಿಗೂ ಒಂದೊಂದು ಪೇಡೆ ಸಾಕು.

ಬಳಗದ ವಂತಿಗೆ ತಲೆಗೆ ತಿಂಗಳಿಗೆ ನೂರು ರೂಪಾಯಿ ದಾಟಬಾರದು. ಹನ್ನೆರಡು ಜನ ಇದ್ದರೆ 1,200 ಆಯಿತು. ಭಾನುವಾರ ಸಂಜೆಯ ಮಂಡಕ್ಕಿ, ಚಹಾ ಸೇರಿ ವಾರಕ್ಕೆ 150ರಂತೆ 600. ಉಳಿದ 600 ಮುಟ್ಟದೆ ಬಿಟ್ಟರೆ ಮೂರು ತಿಂಗಳಿಗೆ 1,800 ಕೂಡುತ್ತದೆ, ಅದು ಒಂದು ತಿರುಗಾಟಕ್ಕೆ. ಲೆಕ್ಕ ನೋಟ್‌ಬುಕ್ಕಿನಲ್ಲಿ ಇರಲಿ, ಇಬ್ಬರು ಸಹಿ ಹಾಕಲಿ, ತಿಂಗಳ ಮೊದಲ ಭಾನುವಾರ ಎಲ್ಲರ ಮುಂದೆ ಗಟ್ಟಿಯಾಗಿ ಓದಲಿ. ಈ ದುಡ್ಡಲ್ಲಿ ಯಾರಿಗೂ ಕೈಗಡ ಇಲ್ಲ. ಬಳಗದೊಳಗೆ ಚೀಟಿ ನಡೆಸುವುದಂತೂ ಬೇಡವೇ ಬೇಡ. ಒಬ್ಬರು ಎರಡು ಕಂತು ತಪ್ಪಿಸಿದರೂ ಬಳಗ ಅಲ್ಲಿಗೆ ಮುಗಿದಂತೆ.

ಮಂಡಕ್ಕಿ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಇಷ್ಟು ಅಗ್ಗಕ್ಕೆ ಇಷ್ಟು ಜನರನ್ನು ಕೂಡಿಸುವ ತಿಂಡಿ ನಮ್ಮೂರಲ್ಲಿ ಬೇರೆ ಇಲ್ಲ. ಹನ್ನೆರಡು ಜನಕ್ಕೆ ಅರ್ಧ ಕೆಜಿ ಮಂಡಕ್ಕಿ, 100 ಗ್ರಾಂ ಶೇಂಗಾ, 100 ಗ್ರಾಂ ಪುಟಾಣಿ ಹಿಟ್ಟು, ಐದು ದೊಡ್ಡ ಚಮಚ ಎಣ್ಣೆ, ಏಳೆಂಟು ಹಸಿಮೆಣಸಿನಕಾಯಿ, ನಾಲ್ಕು ಈರುಳ್ಳಿ, ಮೂರು ಟೊಮೆಟೊ, ಒಂದು ಹಿಡಿ ಕೊತ್ತಂಬರಿ, ಒಂದು ನಿಂಬೆಹಣ್ಣು. ಎಣ್ಣೆಯಲ್ಲಿ ಶೇಂಗಾ ಹುರಿದು ಸಾಸಿವೆ, ಕರಿಬೇವು, ಮೆಣಸಿನಕಾಯಿ, ಅರಿಶಿನ ಹಾಕಿ ಒಲೆ ಆರಿಸಿ. ಒಗ್ಗರಣೆ ಪೂರ್ತಿ ಆರಿದ ಮೇಲೇ ಮಂಡಕ್ಕಿಗೆ ಕಲಸಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ. ಬಿಸಿ ಇದ್ದಾಗಲೇ ಸುರಿದರೆ ಮಂಡಕ್ಕಿ ಮುದುಡಿ ಚರ್ಮದ ಹಾಗೆ ಆಗುತ್ತದೆ. ಇಷ್ಟನ್ನು ಮನೆಯಲ್ಲಿ ಮಾಡಿ ಡಬ್ಬಿ ಮುಚ್ಚಿ ತರಬಹುದು. ಈರುಳ್ಳಿ, ಟೊಮೆಟೊ, ನಿಂಬೆರಸ ಮಾತ್ರ ಬೇರೆ ಡಬ್ಬಿಯಲ್ಲಿ ತಂದು ಎಲ್ಲರೂ ಕೂತ ಮೇಲೆ ಕಲಸಬೇಕು, ಮೊದಲೇ ಕಲಸಿದರೆ ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ಮಂಡಕ್ಕಿಯಲ್ಲಿ ಉಪ್ಪು ಮೊದಲೇ ಇರುತ್ತದೆ, ಬಿಪಿಯವರು ಇರುವ ಬಳಗದಲ್ಲಿ ಮತ್ತೆ ಉಪ್ಪು ಹಾಕಬೇಡಿ. ಹಲ್ಲಿಲ್ಲದವರಿಗೆ ಶೇಂಗಾ ಕುಟ್ಟಿ ಹಾಕಿದರೆ ಆಯಿತು.

ವಾಕಿಂಗಿಗೆ ಕುಂದವಾಡ ಕೆರೆ ಏರಿಗಿಂತ ಚೆನ್ನಾದ ಜಾಗ ಊರಲ್ಲಿಲ್ಲ. ಮಾರ್ಚ್‌ನಿಂದ ಮೇ ತನಕ ಏಳು ಗಂಟೆಯೊಳಗೆ ಮುಗಿಸಿ. ಡಿಸೆಂಬರ್, ಜನವರಿಯಲ್ಲಿ ಅಸ್ತಮಾ, ಹೃದಯದ ತೊಂದರೆ ಇದ್ದವರು ಬಿಸಿಲು ಬಿದ್ದ ಮೇಲೇ ಹೊರಡಿ. ನಡೆಯುತ್ತಾ ಮಾತಾಡಲು ಉಸಿರು ಸಾಲಬೇಕು, ಸಾಲದಿದ್ದರೆ ವೇಗ ಹೆಚ್ಚಾಯಿತು ಅಂತ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರ ಜೇಬಲ್ಲಿ, ನಡೆಯುವಾಗ ಸಕ್ಕರೆ ಅಂಶ ಇಳಿದರೆ ಬಾಯಿಗೆ ಹಾಕಲು, ನಾಲ್ಕು ಚಮಚ ಸಕ್ಕರೆಯ ಪೊಟ್ಟಣ ಇರಲೇಬೇಕು. ಅದು ಯಾವ ಜೇಬಿನಲ್ಲಿದೆ ಅಂತ ಜೊತೆಯವರಿಗೂ ಗೊತ್ತಿರಬೇಕು.

ಬೆಳಗಿನ ವಾಕಿಂಗ್ ಒಂದನ್ನೇ ನೆಚ್ಚಿಕೊಂಡರೆ ಬಳಗ ಗಂಡಸರದ್ದಾಗಿಯೇ ಉಳಿಯುತ್ತದೆ. ಆ ಹೊತ್ತಿನಲ್ಲಿ ಹೆಂಗಸರು ಮೊಮ್ಮಕ್ಕಳ ಟಿಫಿನ್ ಡಬ್ಬಿ ಕಟ್ಟುತ್ತಿರುತ್ತಾರೆ. ಅವರಿಗೆ ನಿವೃತ್ತಿ ಅನ್ನುವುದೇ ಇಲ್ಲ. ಹನ್ನೊಂದರಿಂದ ಹನ್ನೆರಡೂವರೆ ಅವರಿಗೆ ಒಗ್ಗುವ ಹೊತ್ತು. ವಾರಕ್ಕೊಂದು ದಿನ ಆ ಹೊತ್ತಿಗೆ ವಚನ ಹಾಡುವುದೋ ಕೇರಂ ಆಡುವುದೋ ಇಟ್ಟುಕೊಳ್ಳಿ. ಭಾನುವಾರದ ಮಂಡಕ್ಕಿ ಮಾಡುವ ಕೆಲಸ ಮಾತ್ರ ಅವರ ತಲೆಗೆ ಕಟ್ಟಬೇಡಿ, ಸರದಿಯ ಮೇಲೆ ಗಂಡಸರೂ ಮಾಡಲಿ. ಮೇಲಿನ ಅಳತೆ ಬರೆದದ್ದು ಅದಕ್ಕೇ.

ತಿರುಗಾಟಕ್ಕೆ ಟಿಟಿ (ಟೆಂಪೋ ಟ್ರಾವೆಲರ್) ಗಾಡಿ ಮಾಡುವುದು ಬೇಡ, ಬಸ್ಸಲ್ಲೇ ಹೋಗಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲ, ಅರವತ್ತು ದಾಟಿದ ಗಂಡಸರಿಗೆ ನೂರಕ್ಕೆ 25 ರಿಯಾಯಿತಿ. ದಾವಣಗೆರೆ ಸುತ್ತ ಖಾಸಗಿ ಬಸ್ಸು ಬಹಳ, ಅವುಗಳಲ್ಲಿ ಇದು ನಡೆಯುವುದಿಲ್ಲ. ಮೊದಲು ಬಂದ ಬಸ್ಸು ಹತ್ತುವ ಅಭ್ಯಾಸ ಬಿಡಬೇಕು. ಶಕ್ತಿ ಟಿಕೆಟ್ಟಿಗೆ ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಬೇಕು. ಮುಂಬೈಯಲ್ಲೋ ಪುಣೆಯಲ್ಲೋ ಮಗನ ಮನೆಯಲ್ಲಿದ್ದಾಗ ಆಧಾರ್ ವಿಳಾಸ ಬದಲಿಸಿಕೊಂಡ ಅಮ್ಮಂದಿರು ಸಿಕ್ಕಿಬೀಳುವುದು ಇಲ್ಲೇ. ಹೊರಡುವ ವಾರ ಮುಂಚೆ ಎಲ್ಲರ ಕಾರ್ಡ್ ನೋಡಿ.

ಮೊದಲ ತಿರುಗಾಟಕ್ಕೆ ಹರಿಹರ ಸರಿ. ಹದಿನಾಲ್ಕು ಕಿಲೋಮೀಟರ್, ಬಸ್ಸು ಮೇಲಿಂದ ಮೇಲೆ. ಹೊಯ್ಸಳರ ಕಾಲದ, 1224ರ ಹರಿಹರೇಶ್ವರ ದೇವಸ್ಥಾನದ ಕಂಬಗಳ ನಡುವೆ ಏಪ್ರಿಲ್‌ನಲ್ಲೂ ತಂಪು, ಮೆಟ್ಟಿಲ ಕಾಟವಿಲ್ಲ, ಹೊಳೆ ಪಕ್ಕದಲ್ಲೇ ಇದೆ. ಚಿತ್ರದುರ್ಗದ ಕೋಟೆ ನವೆಂಬರ್‌ನಿಂದ ಜನವರಿಯೊಳಗೆ ಮಾತ್ರ. ಬಂಡೆ ಕಾದರೆ ಬೆಳಿಗ್ಗೆ ಹನ್ನೊಂದಕ್ಕೇ ಕಾಲಿಡಲಾಗುವುದಿಲ್ಲ. ಅಲ್ಲಿ ಎಲ್ಲರೂ ಮೇಲೆ ಹತ್ತಲೇಬೇಕು ಅಂತ ಹಟ ಬೇಡ. ಮೊಣಕಾಲಿನವರ ಜೊತೆ ಇಬ್ಬರು ಕೆಳಗಿನ ಬಾಗಿಲುಗಳ ನೆರಳಲ್ಲಿ ಕೂರಲಿ. ಬುತ್ತಿ ಕೈಯಲ್ಲಿ ಹಿಡಿದು ನಡೆಯಬೇಡಿ, ಕೋತಿಗಳು ಬಿಡುವುದಿಲ್ಲ.

ಇನ್ನು ಮುಯ್ಯಿ. ಮದುವೆ ಕಾಲದಲ್ಲಿ ಒಂದೊಂದು ಕಡೆ 200, 300 ಹಾಕಿದರೂ ಐದು ಮದುವೆಗೆ ಸಾವಿರದಿಂದ ಒಂದೂವರೆ ಸಾವಿರ, ಕೆಲವರ ಇಡೀ ಪಿಂಚಣಿ ಅಷ್ಟೇ. ಬಳಗದವರ ಮನೆಯ ಮದುವೆಗೆ ತಲಾ 50 ಹಾಕಿ ಬಳಗದ ಹೆಸರಲ್ಲಿ ಒಂದೇ ಲಕೋಟೆ ಕೊಡಿ. ಯಾರು ಎಷ್ಟು ಅಂತ ಲಕೋಟೆ ಮೇಲೆ ಬರೆಯಬೇಡಿ. ಖರ್ಚಿಗೆ ಅಂಜಿ ಮದುವೆ ತಪ್ಪಿಸುವವರು ಹೀಗೆ ಮಾಡಿದರೆ ಬರುತ್ತಾರೆ, ಬಂದು ಉಂಡು ಹೋಗುತ್ತಾರೆ.

ಕೈಯಲ್ಲಿ ಒಂದಿಷ್ಟು ಗಂಟು ಇದ್ದವರು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ವಿಚಾರಿಸಲಿ. ನೂರಕ್ಕೆ 8.2ರ ಬಡ್ಡಿಯಲ್ಲಿ 5 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 10,250 ಬರುತ್ತದೆ. ಐದು ವರ್ಷದ ಕಟ್ಟು ಅದು. ವರ್ಷದೊಳಗೆ ಮುರಿದರೆ ಬಡ್ಡಿಯೇ ಇಲ್ಲ, ಕೊಟ್ಟದ್ದನ್ನೂ ಅಸಲಿನಲ್ಲಿ ಹಿಡಿಯುತ್ತಾರೆ. ಆಸ್ಪತ್ರೆ ಖರ್ಚಿಗೆ ಅಂತ ಬೇರೆ ಇಟ್ಟುಕೊಂಡೇ ಉಳಿದದ್ದನ್ನು ಇಡಬೇಕು.

ಬಳಗ ಮಾಡಬಹುದಾದ ಬಹಳ ಉಪಯೋಗದ ಕೆಲಸ ಜೀವನ ಪ್ರಮಾಣಪತ್ರ, ಅಂದರೆ ಪಿಂಚಣಿಯವರು ಬದುಕಿದ್ದಾರೆ ಅಂತ ವರ್ಷಕ್ಕೊಮ್ಮೆ ಕೊಡಬೇಕಾದ ಪತ್ರ, ಮಾಡಿಸಿಕೊಡುವುದು. ಸರ್ಕಾರಿ ಪಿಂಚಣಿಯವರಿಗೆ ಅದು ನವೆಂಬರ್ ಕೆಲಸ. ಇಪಿಎಸ್-95ರವರು ವರ್ಷದಲ್ಲಿ ಯಾವಾಗ ಬೇಕಾದರೂ ಕೊಡಬಹುದು, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ. ಮಿಲ್ಲಿನಲ್ಲಿ ನೂಲು ಹಿಡಿದವರ ಬೆರಳ ಗೆರೆ ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ನಾಲ್ಕು ಸಲ ಒತ್ತಿಸಿ ವಾಪಸ್ ಕಳಿಸಿದರೆ ಅವರು ಮತ್ತೆ ಹೋಗುವುದಿಲ್ಲ, ಪಿಂಚಣಿ ನಿಲ್ಲುತ್ತದೆ. ಅಂಥವರಿಗೆ ಮೊಬೈಲಿನಲ್ಲೇ ಮುಖ ತೋರಿಸಿ ಮಾಡಬಹುದು. 'ಜೀವನ್ ಪ್ರಮಾಣ್' ಮತ್ತು 'ಆಧಾರ್ ಫೇಸ್ ಆರ್‌ಡಿ' ಎರಡೂ ಆ್ಯಪ್ ಒಂದೇ ಫೋನಿನಲ್ಲಿರಬೇಕು. ಪಿಪಿಒ (ಪಿಂಚಣಿ ಆದೇಶದ) ನಂಬರ್, ಆಧಾರ್ ನಂಬರ್, ಬ್ಯಾಂಕ್ ಖಾತೆ ನಂಬರ್ ಕೈಯಲ್ಲಿರಲಿ. ಕನ್ನಡಕ ತೆಗೆಸಿ, ಬೆಳಕು ಮುಖದ ಮೇಲೆ ಬೀಳುವ ಹಾಗೆ ಕೂರಿಸಿ, ಬೆನ್ನ ಹಿಂದೆ ಕಿಟಕಿ ಇರಬಾರದು. ಕಣ್ಣು ಮಿಟುಕಿಸಿ ಅಂದಾಗ ಮಿಟುಕಿಸಲಿ. ಎಸ್ಸೆಮ್ಮೆಸ್ಸಿನಲ್ಲಿ ಬರುವ ಪ್ರಮಾಣ್ ಐಡಿಯನ್ನು ಬಳಗದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಹೆಸರು, ತಾರೀಕು ಸಮೇತ ಬರೆದಿಡಿ. ಮುಂದಿನ ವರ್ಷ ಯಾರದ್ದು ಯಾವಾಗ ಮುಗಿಯುತ್ತದೆ ಅಂತ ಅಲ್ಲೇ ನೋಡಿಕೊಳ್ಳಬಹುದು.