ಹಲ್ಲು ನೋವು ಅಂತ ಹಾಸನಕ್ಕೆ

15 ಜೂನ್ 2024, ಶನಿವಾರ
ಚಿಕ್ಕಮಗಳೂರು

ನಮ್ಮೂರಲ್ಲೂ ಚರ್ಮದ ಡಾಕ್ಟರ್ ಇದ್ದಾರೆ. ಆದರೆ ಅಲ್ಲಿ ಕಾಯುತ್ತಾ ಕೂತವರಲ್ಲಿ ಅರ್ಧ ಜನ ನನ್ನ ನೆಂಟರೇ ಆಗಿರುತ್ತಾರೆ. ಅದಕ್ಕೇ ಬೆಳಿಗ್ಗೆ ಹಾಸನದ ಬಸ್ಸು ಹತ್ತಿದೆ. ಬೇಲೂರಲ್ಲಿ ದೊಡ್ಡಪ್ಪ ಹತ್ತಬೇಕಾ! "ಎಲ್ಲಿಗೋ ಮಳೇಲಿ?" ಅಂದರು. ಬಾಯಿಗೆ ಬಂದದ್ದು "ಹಲ್ಲು ನೋವು". ಹಾಸನದವರೆಗೂ ಕೆನ್ನೆ ಹಿಡಿದೇ ಕೂತಿದ್ದೆ.

ವಿಷಯ ಇಷ್ಟು. ಜೂನ್ 1ರಂದು ಬೆಂಗಳೂರಲ್ಲಿ ಒಬ್ಬಳ ಜೊತೆ ಇದ್ದೆ. ಆರು ದಿನ ಬಿಟ್ಟು ಅವಳೇ ಫೋನ್ ಮಾಡಿದಳು. ತನಗೆ ಹರ್ಪಿಸ್ (ಮೈ ತಾಗಿ ಹರಡೋ, ಗುಳ್ಳೆ ಏಳಿಸೋ ವೈರಸ್ ಸೋಂಕು) ಇರೋದು ಈಗ ಗೊತ್ತಾಯಿತು, ನೀನೂ ತೋರಿಸಿಕೋ ಅಂದಳು. ಹೇಳದೆ ಸುಮ್ಮನಿರಬಹುದಿತ್ತು, ಅಲ್ವಾ? ಮಾರನೇ ದಿನವೇ ಲ್ಯಾಬಿಗೆ ಓಡಿದೆ. ಐಜಿಜಿ, ಐಜಿಎಂ ಅನ್ನೋ ಎರಡು ರಕ್ತದ ಟೆಸ್ಟಿಗೂ ದುಡ್ಡು ತಗೊಂಡರು. ಯಾವಾಗ ಏನಾಯಿತು ಅಂತ ಒಬ್ಬರೂ ಕೇಳಲಿಲ್ಲ. ನೆಗೆಟಿವ್ ಬಂತು. ಆ ರಾತ್ರಿ ಗಡದ್ದಾಗಿ ನಿದ್ದೆ ಮಾಡಿದೆ.

ಡಾಕ್ಟರಮ್ಮ ಇವತ್ತು ಆ ರಿಪೋರ್ಟಿನ ತಾರೀಖಿನ ಮೇಲೆ ಪೆನ್ನಿಟ್ಟರು. "ಏಳನೇ ದಿನಕ್ಕೇ ಮಾಡಿಸಿದ್ದೀರಿ. ಇದು ನಿಮ್ಮ ಹಳೇ ಕಥೆ ಹೇಳುತ್ತೆ, ಜೂನ್ ಒಂದರದ್ದಲ್ಲ."

ರಕ್ತದಲ್ಲಿ ಹುಡುಕೋದು ವೈರಸ್ಸನ್ನಲ್ಲವಂತೆ, ಅದರ ವಿರುದ್ಧ ಮೈ ತಯಾರು ಮಾಡೋ ಆಂಟಿಬಾಡಿಯನ್ನ. ಅದು ಐಜಿಜಿ ಟೆಸ್ಟಿಗೆ ಸಿಗೋಷ್ಟು ಆಗೋಕೆ 12 ವಾರ ಹಿಡಿಯಬಹುದು, ಕೆಲವರಿಗೆ 16. ಐಜಿಎಂ ಬರೀ ದಂಡ. ಹಳೇ ಸೋಂಕು ಮತ್ತೆ ಎದ್ದಾಗಲೂ ಪಾಸಿಟಿವ್ ಬರಬಹುದು, ಹೊಸದೋ ಹಳೇದೋ ಗೊತ್ತಾಗಲ್ಲ.

"ಗುಳ್ಳೆ ಎದ್ದರೆ ಮಾತ್ರ ಈ 12 ವಾರದ ಲೆಕ್ಕ ಮರೆತುಬಿಡಿ" ಅಂದರು. ಏಳೋದಾದರೆ ಸಾಮಾನ್ಯವಾಗಿ 2ರಿಂದ 12 ದಿನದೊಳಗೆ. ಒಣಗಿ ಹಕ್ಕಳೆ ಕಟ್ಟೋ ಮೊದಲೇ, 48 ಗಂಟೆಯೊಳಗೆ ಹೋಗಬೇಕು. ಗುಳ್ಳೆಯ ನೀರನ್ನೇ ಕಡ್ಡಿಯಲ್ಲಿ ಒರೆಸಿ ಪಿಸಿಆರ್‌ಗೆ, ಅಂದರೆ ವೈರಸ್ಸನ್ನೇ ಹುಡುಕೋ ಟೆಸ್ಟಿಗೆ, ಕಳಿಸುತ್ತಾರೆ. ಕೊರೊನಾದಲ್ಲಿ ಮೂಗಿಗೆ ತುರುಕಿದರಲ್ಲ, ಅಂಥದ್ದೇ ಕಡ್ಡಿ.

"ಹದಿನಾಲ್ಕು ದಿನ ಆಯ್ತು ಮೇಡಂ, ಏನೂ ಎದ್ದಿಲ್ಲ" ಅಂದೆ, ಸ್ವಲ್ಪ ಜಂಬದಿಂದಲೇ. ತುಂಬಾ ಜನಕ್ಕೆ ಗುಳ್ಳೆ ಗೊತ್ತೇ ಆಗಲ್ಲವಂತೆ. ಅಂಥವರಿಂದಲೂ ಹರಡುತ್ತೆ. ಕಾಂಡೋಮ್ ಅಪಾಯ ಕಮ್ಮಿ ಮಾಡುತ್ತೆ, ಪೂರ್ತಿ ತಡೆಯಲ್ಲ, ಇದು ಚರ್ಮಕ್ಕೆ ಚರ್ಮ ತಾಗಿ ಬರೋದು.

ಅಜ್ಜಿಗೆ ಸರ್ಪಸುತ್ತು ಆದಾಗ ಕೆಮ್ಮಣ್ಣು ಹಚ್ಚಿಸಿದ್ದು ನೆನಪಾಗಿ, ಅದೇನಾ ಇದು ಅಂತಲೂ ಕೇಳಿದೆ. ಅಲ್ಲ, ಅದು ಸೀತಾಳೆ ಸಿಡುಬಿನ ವೈರಸ್ ಅಂತ ನಕ್ಕರು. ಎಚ್‌ಐವಿ ಟೆಸ್ಟಿನ ಲೆಕ್ಕ ಬೇರೆ, ಅದನ್ನ ಜಿಲ್ಲಾ ಆಸ್ಪತ್ರೆಯ ಐಸಿಟಿಸಿಯಲ್ಲಿ (ಎಚ್‌ಐವಿ ಸಲಹೆ, ಪರೀಕ್ಷೆಯ ಕೇಂದ್ರ) ಪುಕ್ಕಟೆ ಮಾಡುತ್ತಾರೆ, ಅದನ್ನೂ ಮಾಡಿಸಿ ಅಂದರು.

ವಾಪಸ್ ಬರುವಾಗ ಬಸ್ಸಲ್ಲೇ ಜೂನ್ 1ರಿಂದ 12 ವಾರ ಎಣಿಸಿದೆ. ಆಗಸ್ಟ್ 24. ವರಮಹಾಲಕ್ಷ್ಮಿ ಹಬ್ಬ ಆಗಿ ಎಂಟು ದಿನಕ್ಕೆ.

ಮನೆಗೆ ಬಂದರೆ ಬಾಗಿಲಲ್ಲೇ ಅಮ್ಮ, ಕೈಯಲ್ಲಿ ಲವಂಗದೆಣ್ಣೆಯ ಹತ್ತಿ. ದೊಡ್ಡಪ್ಪ ಫೋನ್ ಮಾಡಿದ್ದರಂತೆ. "ಯಾವ ಹಲ್ಲೋ?" ಅಂದಳು. ಬಾಯಿ ತೆರೆದು ಒಂದನ್ನ ತೋರಿಸಿದೆ.